ಮೆಷಿನ್ನು ಕೊಟ್ಟ ಮಾರುತ್ತರ

ನಮ್ಮ ಓಣಿಯ ದರ್ಜಿಯಮ್ಮನಿಗೆ ಹಗಲೆಲ್ಲ ಬಾಯಿತುಂಬ ಗುಂಡುಸೂಜಿ. ಹಾಗಾಗಿ ಫೋನಿಗೆ ಬರುವ ವಾಯ್ಸ್ ಮೆಸೇಜುಗಳಿಗೆ ಅವಳು ಮಾತಿನಲ್ಲಿ ಉತ್ತರ ಕೊಡುತ್ತಿರಲಿಲ್ಲ. ಕೇಳಿ ಮುಗಿಸಿ, ಫೋನನ್ನು ಹೊಲಿಗೆ ಮೆಷಿನ್ನಿನ ಹತ್ತಿರ ಹಿಡಿದು, ಒಂದು ಸಲ ಮೋಟಾರು ಓಡಿಸಿ ಆ ಸದ್ದನ್ನೇ ಕಳಿಸಿಬಿಡುತ್ತಿದ್ದಳು. ಸದ್ದು ಬಂತೆಂದರೆ ಮೆಸೇಜು ಮುಟ್ಟಿತೆಂದು ಗಿರಾಕಿಗಳಿಗೆ ಗೊತ್ತು.

"ದರ್ಜಿಯಮ್ಮ ಗುರ್ ಅಂದ್ರು, ಇನ್ನು ಅಂಗಿ ಬಂದ ಹಾಗೇ," ಎಂದು ಎದುರುಮನೆ ಮೇಷ್ಟ್ರು ನಗುತ್ತಿದ್ದರು.

ನಾನು, ಓಣಿಗೆಲ್ಲ ದೊಡ್ಡಮ್ಮ, ಅವಳ ಪಕ್ಕ ಕೂತು ಅಂಗಿಗಳಿಗೆ ಗುಂಡಿ ಹಾಕಿಕೊಡುವವಳು. ಕಿಟಕಿಯ ಬಿಸಿಲಿನಲ್ಲಿ ನೂಲಿನ ಧೂಳು ತೇಲುತ್ತಿರುವಾಗ ಯಾರ್ಯಾರದೋ ದನಿಗಳು ಬಂದು ಹೋಗುತ್ತಿದ್ದವು. ತೋಳು ಉದ್ದವಾಯಿತಂತೆ, ಮಗು ದಪ್ಪವಾಯಿತಂತೆ, ಮದುವೆ ಮುಂದಕ್ಕೆ ಹೋಯಿತಂತೆ. ಕಣ್ಣು ಮುಚ್ಚಿದರೆ ಊರಿಗೆ ಊರೇ ಆ ಕೋಣೆಯಲ್ಲಿ ಪಿಸುಗುಡುತ್ತಿದೆ ಅನ್ನಿಸುತ್ತಿತ್ತು.

ಅವತ್ತು ಮಧ್ಯಾಹ್ನ ಕರೆಂಟು ಹೋಗಿತ್ತು. ಫೋನಿನಲ್ಲಿ ಅವಳ ತಂಗಿಯ ದನಿ ಬಂತು. ತಾಯಿಯ ಹಳೆಯ ಕೈಮೆಷಿನ್ನನ್ನು ಅಕ್ಕ ಮಾರಿಬಿಟ್ಟಳೆಂದು ಜಗಳವಾಡಿ ಹೋದವಳು. ಅಲ್ಲಿಂದ ಇಬ್ಬರಿಗೂ ಮಾತಿರಲಿಲ್ಲ.

"ಅಕ್ಕಾ, ನಾನು ಕಣೇ. ಬಸ್ ಸ್ಟ್ಯಾಂಡಲ್ಲಿದೀನಿ. ನಿಮ್ಮೂರ ಬಸ್ಸು ಹೊರಡೋದ್ರಲ್ಲಿದೆ. ನೀನು ಮಾತಾಡೋದೇನೂ ಬೇಡ. ಎಲ್ಲರಿಗೂ ಕಳಿಸ್ತೀಯಂತಲ್ಲ, ಆ ಮೆಷಿನ್ ಸದ್ದು, ಅದನ್ನ ಕಳಿಸು ಸಾಕು, ಹತ್ತಿ ಬರ್ತೀನಿ. ಇಲ್ಲಾಂದ್ರೆ ಮನೆಗೆ ಹೋಗ್ತೀನಿ, ಇನ್ನೊಂದ್ಸಲ ಕೇಳಲ್ಲ."

ದರ್ಜಿಯಮ್ಮ ಬಾಯಿಂದ ಸೂಜಿಗಳನ್ನು ಒಂದೊಂದಾಗಿ ತೆಗೆದಿಟ್ಟಳು. ಪೆಡಲು ತುಳಿದಳು. ಸದ್ದಿಲ್ಲ. ಫೋನನ್ನು ಬಾಯಿಗೆ ಹಿಡಿದಳು, ತುಟಿ ಅಲುಗಿತು, ಕೆಳಗಿಟ್ಟಳು.

"ಬಾ ಅನ್ನೇ ಮಾರಾಯ್ತಿ, ನಿನ್ನ ಗಂಟೇನು ಹೋಗುತ್ತೆ?" ಅಂದೆ.

"ಬಾಯಿಗೇ ಬರ್ತಿಲ್ಲ ದೊಡ್ಡಮ್ಮ. ಸೂಜಿ ನುಂಗಿದ ಹಾಗಾಗಿದೆ."

"ಹಾಗಾದ್ರೆ ಚಕ್ರನಾದ್ರೂ ಕೈಲಿ ತಿರುಗಿಸು. ಬಸ್ಸೇನು ನಿನ್ನ ನೆಂಟನಾ, ಕಾಯೋಕೆ?"

ತಿರುಗಿಸಿದಳು. ಟಕ್... ಟಕ್... ಟಕ್. ನಿದ್ದೆಯಲ್ಲಿ ಯಾರೋ ನಡೆದು ಬರುತ್ತಿರುವ ಹಾಗೆ. ನಾನು ಫೋನು ಹಿಡಿದೆ. ಸದ್ದು ತಂಗಿಗೆ ಹೋಯಿತು.

ತಕ್ಷಣವೇ ಉತ್ತರ. "ಅಯ್ಯೋ, ಅಮ್ಮನ ಕೈಮೆಷಿನ್ನು! ಮಾರಿಲ್ವೇನೇ? ಇಟ್ಕೊಂಡಿದೀಯಾ?" ಅಳುತ್ತಿದ್ದಳೋ ನಗುತ್ತಿದ್ದಳೋ, ತಿಳಿಯಲಿಲ್ಲ.

ದರ್ಜಿಯಮ್ಮ ನನ್ನ ಮುಖ ನೋಡಿದಳು. ನಾನು ಗುಂಡಿಯ ದಾರ ನೋಡಿದೆ. ಸುಮ್ಮನಿದ್ದರೆ ತಂಗಿ ಬಂದೇ ಬರುತ್ತಿದ್ದಳು. ಆದರೆ ದರ್ಜಿಯಮ್ಮ ಫೋನೆತ್ತಿಕೊಂಡಳು, ಈಗ ದನಿ ತಾನಾಗಿ ಬಂತು.

"ಇಲ್ಲ ಕಣೇ ಪುಟ್ಟಿ. ಮಾರಿದ್ದು ನಿಜ. ಕರೆಂಟಿಲ್ಲ, ನನ್ನ ಮೆಷಿನ್ನನ್ನೇ ಕೈಲಿ ತಿರುಗಿಸಿದ್ದು. ಆದ್ರೂ ಬಾ."

ಬಿಸಿಲು ಮೇಜಿನಿಂದ ಜಾರಿ ಬಟ್ಟೆಯ ರಾಶಿಗೆ ಇಳಿಯಿತು. ನನ್ನ ಸೂಜಿಯೂ ನಿಂತಿತ್ತು.

ಫೋನು ಮಿಣುಕಿತು. ಮಾತಿರಲಿಲ್ಲ. ಹತ್ತಿದವಳ ಹಿಂದೆ ಬಸ್ಸಿನ ಬಾಗಿಲು ದಡಾರನೆ ಹಾಕಿಕೊಂಡ ಸದ್ದು, ಆಮೇಲೆ ಇಂಜಿನ್ನಿನ ಉದ್ದನೆಯ ಗುರ್.

ದರ್ಜಿಯಮ್ಮ ಸೂಜಿಗಳನ್ನು ಮತ್ತೆ ಬಾಯಿಗಿಟ್ಟುಕೊಳ್ಳಲು ಹೋದಳು. ಒಂದೂ ನಿಲ್ಲಲಿಲ್ಲ. ನಗುವಿಗೆ ತುಟಿ ಮುಚ್ಚಿದರೆ ತಾನೆ!