ಇನ್ಸಾಫಳ ತಿಂಗಳು

ಇನ್ಸಾಫ್ ಬಂದಳೆಂದರೆ ಬಾಣಂತಿ ಕೋಣೆಯ ಬಾಗಿಲು ತಾನಾಗಿ ತೆರೆಯುತ್ತಿತ್ತು. ಈಜಿಪ್ಟಿನ ಎಸ್ನಾ ಪಟ್ಟಣದಿಂದ ನೈಲ್ ನದಿ ದಾಟಿದರೆ ಸಿಗುವ ಆ ಊರಲ್ಲಿ, ಹೆರಿಗೆಯಾದ ನಲವತ್ತು ದಿನದೊಳಗೆ ಮುಟ್ಟಾದವಳಾಗಲಿ, ಬದನೆಕಾಯಿಯನ್ನೋ ಹಸಿ ಮಾಂಸವನ್ನೋ ಹಿಡಿದವಳಾಗಲಿ ಹೊಸಿಲು ದಾಟಿದರೆ ಬಾಣಂತಿಯ ಹಾಲು ಬತ್ತುತ್ತದೆಂದು ಎಲ್ಲರಿಗೂ ಭಯ. ಇನ್ಸಾಫಳ ವಿಷಯದಲ್ಲಿ ಆ ಭಯವಿರಲಿಲ್ಲ. ಚೊಚ್ಚಲ ಮಗು ಹೊಟ್ಟೆಯಲ್ಲೇ ಹೋದಾಗ, ಅವಳ ಜೀವ ಉಳಿಸಲು ಗರ್ಭಕೋಶವನ್ನೇ ತೆಗೆದಿದ್ದರು. ಅಂದಿನಿಂದ ಊರಿನ ಎಳೆಗೂಸುಗಳಿಗೆಲ್ಲ ಎಣ್ಣೆ ನೀವುವವಳು ಅವಳೇ. ಪ್ರತಿ ಕೂಸನ್ನೂ ಬೇಕಾದ್ದಕ್ಕಿಂತ ತುಸು ಹೆಚ್ಚು ಹೊತ್ತು ಎದೆಗೊತ್ತಿಕೊಳ್ಳುತ್ತಿದ್ದಳು.

ಹೊಟ್ಟೆಯ ಹಳೇ ಹೊಲಿಗೆ ಮಾತ್ರ ಆಗಾಗ ನೊಂದು, ರಕ್ತ ಜಿನುಗಿಸುತ್ತಿತ್ತು. ಕಾಫಿಪುಡಿ ಒತ್ತಿ ಬಟ್ಟೆ ಕಟ್ಟಿಕೊಳ್ಳುತ್ತಿದ್ದಳು. ತಂಗಿ ರಾವಿಯಾಳ ಹೆರಿಗೆಗೆಂದು ಆಸ್ಪತ್ರೆಗೆ ಹೋದಾಗ ಡಾಕ್ಟರಮ್ಮನಿಗೆ ತೋರಿಸಿದಳು.

"ಗರ್ಭಕೋಶದ ಒಳಪದರದ ಚೂರೊಂದು ಹೊಲಿಗೆಯಲ್ಲಿ ಉಳ್ಕೊಂಡಿದೆಯಮ್ಮ. ತಿಂಗಳು ತಿಂಗಳು ಮುಟ್ಟಾಗಿ ಹೋಗ್ತಿರೋದು ಅದೇ. ಸಣ್ಣ ಆಪರೇಷನ್ ಮಾಡಿ ತೆಗೀಬಹುದು."

"ನೋಡೋಣ," ಎಂದು ಬಂದುಬಿಟ್ಟಳು. ದಾರಿಯುದ್ದಕ್ಕೂ ಅಂಗೈ ಹೊಲಿಗೆಯ ಮೇಲೇ ಇತ್ತು.

ಕೂಸಿನ ಏಳನೇ ದಿನದ ಸಂಭ್ರಮ. ಇನ್ಸಾಫ್ ಹೊಲಿಗೆಗೆ ಕಟ್ಟಿಕೊಂಡ ಬಟ್ಟೆ ಬೆಳಿಗ್ಗೆಯೇ ಒದ್ದೆಯಾಗಿತ್ತು. ರಾವಿಯಾಳ ಅತ್ತೆ ಉಮ್ಮ್ ಜಾಬಿರ್ ಹೊಸಿಲಲ್ಲಿ ಕೂತು ಒಬ್ಬೊಬ್ಬರನ್ನೇ ವಿಚಾರಿಸುತ್ತಿದ್ದಳು.

"ಏ ಹುಡುಗಿ, ಚೀಲದಲ್ಲಿ ಬದನೆಕಾಯಿ ಇಲ್ಲ ತಾನೆ? ಹಸಿ ಮಾಂಸ? ಮುಟ್ಟಾಗಿಲ್ವಾ? ಹಾಂ, ಹೋಗು. ಇನ್ಸಾಫ್, ನೀ ಬಾರೇ. ಒಣಗಿದ ಬಾವಿ, ನಿನ್ನನ್ನೇನು ಕೇಳೋದು!"

ಹೆಂಗಸರು ಕಿಸಕ್ಕೆಂದರು.

ಒಳಗಿಂದ ರಾವಿಯಾ ಕೂಗಿದಳು, "ಅಕ್ಕಾ, ಬೇಗ ಬಾ! ಇವಳು ನಿನ್ನ ಹಾಗೇ ಮೂಗು ಕೆಂಪು ಮಾಡ್ಕೊಂಡು ಅಳ್ತಾಳೆ!"

ಇನ್ಸಾಫ್ ಕಾಲೆತ್ತಿದಳು. ದಾಟಿದರೆ ಯಾರಿಗೆ ಗೊತ್ತಾಗುತ್ತದೆ? ಆದರೆ ರಾವಿಯಾಳ ಹಾಲು ಬತ್ತಿಬಿಟ್ಟರೆ? ಎತ್ತಿದ ಕಾಲನ್ನು ಹಿಂದಕ್ಕಿಟ್ಟಳು.

"ಕೇಳಿ ಅತ್ತೆ. ಎಲ್ಲರನ್ನೂ ಕೇಳಿದ ಹಾಗೆ ನನ್ನನ್ನೂ ಕೇಳಿ."

"ಏನೇ ಕೇಳ್ಲಿ?"

"ನನಗೆ ತಿಂಗಳ ಮುಟ್ಟಾಗಿದೆ."

"ಎಲ್ಲಿಂದಾಗುತ್ತೇ, ಹುಚ್ಚಿ?"

ಇನ್ಸಾಫ್ ಮುದುಕಿಯ ಕೈ ಹಿಡಿದು, ನಿಲುವಂಗಿಯ ಮೇಲಿಂದಲೇ ಆ ಒದ್ದೆಗೆ ಒತ್ತಿದಳು. "ಇಲ್ಲಿಂದ. ಡಾಕ್ಟರಮ್ಮನೇ ಹೇಳಿದ್ರು."

ಉಮ್ಮ್ ಜಾಬಿರ್ ಬೆರಳು ನೋಡಿಕೊಂಡಳು. ಆಮೇಲೆ, ಬೇರೆ ಯಾವ ಹೆಂಗಸಿಗೂ ಹೇಳುವಂತೆ, "ಹಾಗಾದ್ರೆ ಒಳಗೆ ಬರಬೇಡ ತಾಯಿ. ಮುಗಿಸ್ಕೊಂಡು ಬಾ," ಎಂದಳು.

ಇನ್ಸಾಫ್ ಕಿಟಕಿಯ ಕೆಳಗಿನ ಜಗಲಿಯಲ್ಲಿ ಕೂತಳು. ಅಳು ನಿಂತಿತು, ಕೂಸು ಮೊಲೆ ಹಿಡಿದಿರಬೇಕು. ಅವಳ ತೋಳುಗಳು ತಾವಾಗಿಯೇ ಮಡಿಲಲ್ಲಿ ಬಾಗಿ, ಖಾಲಿಯಾಗಿಯೇ ಕಾದವು.

"ಅಕ್ಕಾ, ಯಾವಾಗ ಬರ್ತೀಯೇ?"

"ನನ್ನದು ಮುಗೀಲಿ ಕಣೇ," ಎಂದಳು ಇನ್ಸಾಫ್, ಬೀದಿಗೆಲ್ಲ ಕೇಳುವಷ್ಟು ಗಟ್ಟಿಯಾಗಿ.