ಬೆರ್ಸಾಬೆಯ ಮೂಗು

ಹಾರಾಲೋಸಾ ಊರಿನ ಬೆರ್ಸಾಬೆಯ ಮೂಗಿನಂಥ ಮೂಗು ಭೂಮಿಯ ಮೇಲೆ ಇನ್ನೊಂದಿಲ್ಲ. ಏಳು ಬೆಟ್ಟಗಳಾಚೆ ಯಾವ ಪಿನ್ಯೋನ್ ಮರ ರಾತ್ರಿ ರಾಳ ಸುರಿಸಿತು, ಅದೂ ಎಡಗಡೆಯ ಕೊಂಬೆಯಿಂದಲೋ ಬಲಗಡೆಯ ಕೊಂಬೆಯಿಂದಲೋ ಎಂಬುದನ್ನು ಹಾಸಿಗೆಯಲ್ಲಿ ಮಗ್ಗುಲು ಬದಲಿಸುತ್ತಲೇ ಹೇಳಬಲ್ಲಳು. ನಾಳೆ ಚಂದ್ರನ ಮೇಲೊಂದು ಪೈನ್ ಸಸಿ ಚಿಗುರಿದರೆ ಮೊದಲು ಸುದ್ದಿ ತಿಳಿಯುವುದು ಅವಳಿಗೇ. ಈ ಮೂಗಿಗೆ ಹೆದರಿ ನಮ್ಮ ಕಣಿವೆಯ ಗಬ್ಬುನಾತದ ಸ್ಕಂಕುಗಳೆಲ್ಲ ಗಂಟುಮೂಟೆ ಕಟ್ಟಿಕೊಂಡು ಟೆಕ್ಸಸ್ಸಿಗೆ ಹೋಗಿಬಿಟ್ಟಿವೆ. ನಂಬದವರು ಬಂದು ಹುಡುಕಿಕೊಳ್ಳಲಿ.

ಈಗ ನಸುಕು. ಊರಿನ ತೆಂಕಣ ದಿಬ್ಬದ ಮೇಲೆ ಒಂದು ಮುದಿ ಪಿನ್ಯೋನ್ ಮರದ ಬುಡದಲ್ಲಿ ಬೆರ್ಸಾಬೆ ಮಂಡಿಯೂರಿದ್ದಾಳೆ. ಕೈಯಲ್ಲಿ ಬೆಣ್ಣೆ ಸವರುವ ಮೊಂಡು ಚಾಕು, ಸೊಂಟಕ್ಕೆ ಕಾಫಿಯ ಖಾಲಿ ಡಬ್ಬಿ. ತೊಗಟೆಯ ಗಾಯದಿಂದ ಜೇನಿನಂತೆ ಇಳಿಯುತ್ತಿರುವ ಹೊಸ ರಾಳವನ್ನು ಅವಳು ಮುಟ್ಟುವುದಿಲ್ಲ. ಅದರ ಕೆಳಗೆ ಒಣಗಿ ಜೋತಿರುವ ಮುತ್ತುಗಳನ್ನಷ್ಟೇ ಮೆಲ್ಲಗೆ ಎಬ್ಬಿಸುತ್ತಾಳೆ.

"ಮೆತ್ತಗಿರೋದು ಮರ ತನ್ನ ಗಾಯಕ್ಕೆ ತಾನೇ ಹಚ್ಕೊಂಡಿರೋ ಮುಲಾಮು. ನಿನ್ನ ಮಂಡಿ ಹಕ್ಕಳೆ ಯಾರಾದ್ರೂ ಕಿತ್ರೆ ಸುಮ್ನಿರ್ತೀಯಾ? ಒಣಗಿ ಉದುರೋದು ಮಾತ್ರ ನಂದು" ಎಂದು, ಬರೆಯಲು ಜೊತೆಗೆ ಬಂದ ನನಗೆ ಹೇಳುತ್ತಾಳೆ.

ಪ್ರತಿಯೊಂದು ಮುತ್ತನ್ನೂ ಬಾಯಿಗಿಟ್ಟು ಕಚ್ಚುತ್ತಾಳೆ. ಟಕ್ಕೆಂದು ಮುರಿದರೆ ಡಬ್ಬಿಗೆ. ಹಲ್ಲಿಗೆ ಅಂಟಿದರೆ ಅದಿನ್ನೂ ಎಳಸು, ಮರದ ಬುಡಕ್ಕೇ ವಾಪಸು. ಅಂಥ ಮೂಗಿದ್ದೂ ಹಲ್ಲನ್ನು ನಂಬುತ್ತಾಳಲ್ಲ, ವಿನಯವೆಂದರೆ ಇದು!

ಮನೆಗೆ ಬಂದವಳು ಕೈಗೆ ಹಂದಿಯ ಕೊಬ್ಬು ಸವರಿ ಉಜ್ಜುತ್ತಾಳೆ. ರಾಳ ಹತ್ತಿದ ಕೈಯನ್ನು ನೀರಲ್ಲಿ ತೊಳೆದವರು ಆ ದಿನವೆಲ್ಲ ಬಾಗಿಲ ಹಿಡಿಯ ಜೊತೆಗೇ ಸಂಸಾರ ಮಾಡಬೇಕಾಗುತ್ತದೆ. ಆಮೇಲೆ ಮೇಜಿನ ಮುಂದೆ ಕುಳಿತು ರಾಳದಿಂದ ತೊಗಟೆಯ ಚೂರುಗಳನ್ನು ಆರಿಸತೊಡಗುತ್ತಾಳೆ. ಬೆನ್ನ ಹಿಂದಿನ ಒಲೆಯ ಮೇಲೆ ಹುರುಳಿಕಾಳು ತಳ ಹಿಡಿದು ಸೀಯುತ್ತಿದೆ. ಅವಳು ತಲೆ ಎತ್ತುವುದಿಲ್ಲ. ಹಿಂದಿನ ಕೋಣೆಯಿಂದ ಅತ್ತಿಗೆ ಕ್ಲೆಯೋಫೆ ಓಡಿ ಬರುತ್ತಾಳೆ.

"ಏ ಹುಡುಗಿ! ಕಾಡಿಗೆ ಬಿದ್ದ ಬೆಂಕಿ ಸಾಲ್ದು ಅಂತ ಅಡುಗೆಮನೆಗೂ ಇಟ್ಯಾ?"

ಈ 'ಹುಡುಗಿ'ಗೆ ಅರವತ್ತಾರು. ಬೈಯುವ ಅತ್ತಿಗೆಗೆ ಎಂಬತ್ತರ ಹತ್ತಿರ. ಕೆಲಸದಲ್ಲಿ ಮುಳುಗಿದವಳಿಗೆ ಹುರುಳಿ ಯಾವ ಲೆಕ್ಕ? ಇಂಥ ಏಕಾಗ್ರತೆ ಹಿಮಾಲಯದ ತಪಸ್ವಿಗಳಿಗೂ ಇರಲಿಕ್ಕಿಲ್ಲ.

ಬೆರ್ಸಾಬೆ ಶಾಲೆಯ ಅಡುಗೆಮನೆಯಲ್ಲಿ ದುಡಿದು ನಿವೃತ್ತಳಾದವಳು. ತಾಯಿ ಮಾಡುತ್ತಿದ್ದಂತೆ ರಾಳ ಕಾಯಿಸಿ, ಮುಳ್ಳು ಚುಚ್ಚಿದ ಕೈಗಳಿಗೆ ಮುಲಾಮು ಕಟ್ಟಿಕೊಡುತ್ತಿದ್ದಳು. ಅದನ್ನು ಗಾಯವಿಲ್ಲದವರೂ ಕುತ್ತಿಗೆಗೆ ಹಚ್ಚಿಕೊಂಡು ತಿರುಗುವುದನ್ನು ಕಂಡು ಅತ್ತರು ಮಾಡತೊಡಗಿದಳು. ರಾಳ, ಬಿಸಿಲಲ್ಲಿ ಕಾದರೆ ಬೆಲ್ಲದ ಪಾಕದಂತೆ ಘಮ್ಮೆನ್ನುವ ಪೊಂಡೆರೋಸಾ ಪೈನ್ ಮರದ ತೊಗಟೆ, ಒಂದು ಹಿಡಿ ಜುನಿಪರ್ ಕಾಯಿ. ಇವೆಲ್ಲ ದ್ರಾಕ್ಷಿಯ ಸ್ಪಿರಿಟ್ಟಿನಲ್ಲಿ ಮುಳುಗಿ ಚಳಿಗಾಲವಿಡೀ ಕಿಟಕಿಯ ಬಿಸಿಲು ಕಾಯಿಸುತ್ತವೆ. ಆಮೇಲೆ ಹಳೆಯ ದಿಂಬಿನ ಚೀಲದಲ್ಲಿ ಸೋಸುವುದು. ಒಂದು ಭರಣಿಗೆ ನಲವತ್ತು ಪುಟ್ಟ ಬಾಟಲಿ. ಹೆಸರು 'ಮೋಂತೆ', ಅಂದರೆ ಬೆಟ್ಟ. ಸಾಂತಾ ಫೆಯ ಶನಿವಾರದ ಸಂತೆಗೆ ಇಳಿದರೆ ಮಧ್ಯಾಹ್ನಕ್ಕೆ ಮೇಜು ಖಾಲಿ.

ಎರಡು ಬೇಸಿಗೆಯ ಹಿಂದೆ ಬಡಗಣ ಇಳಿಜಾರು ಸುಟ್ಟುಹೋಯಿತು. ಮೋಂತೆಯ ರಾಳವೆಲ್ಲ ಬರುತ್ತಿದ್ದುದು ಅಲ್ಲಿಂದಲೇ. ಕ್ಲೆಯೋಫೆಯ ಮನೆ ಇದ್ದದ್ದೂ ಅಲ್ಲೇ, ಅದೂ ಹೋಯಿತು. ಊರು ಖಾಲಿ ಮಾಡಿ ಎಂದು ಪೊಲೀಸರು ಕೂಗಿದರೂ ಬೆರ್ಸಾಬೆ ಹೋಗಲಿಲ್ಲ. ಹೊಗೆಯ ನಡುವೆ ದಿನಗಟ್ಟಲೆ ಚಾವಣಿಯ ಮೇಲೆ ನಿಂತು ಮನೆಗೆ ನೀರು ಹೊಡೆದಳು. ಭಂಡಿ! ಮನೆ ಉಳಿಯಿತು. ಬಡಗಣದ ಮೋಂತೆ ಒಂದು ಬಾಟಲಿಯ ತಳದಲ್ಲಿ ಉಳಿಯಿತು.

ಇಂದು ಕಿಟಕಿಯಿಂದ ಇಳಿಯುತ್ತಿರುವುದು ತೆಂಕಣ ದಿಬ್ಬದ ರಾಳದ ಮೊದಲ ಭರಣಿ. "ಅತ್ತಿಗೆ ಹೌದು ಅಂದ್ರೆ ಸಂತೆಗೆ. ಅಲ್ಲ ಅಂದ್ರೆ ಕಾಲುವೆಗೆ ಸುರಿದು ಅಂಗಡಿ ಮುಚ್ತೀನಿ. ಸುಟ್ಟ ಮೇಲೆ ಜನ ಅತ್ತರು ಕೊಳ್ತಿಲ್ಲಪ್ಪ, ಆ ಬೆಟ್ಟ ಕೊಳ್ತಿದಾರೆ. ಬೇರೆ ಯಾವುದೋ ಬೆಟ್ಟ ತುಂಬಿ ಕೊಡಕ್ಕಾಗಲ್ಲ" ಎನ್ನುತ್ತಾಳೆ ಬೆರ್ಸಾಬೆ.

ಕ್ಲೆಯೋಫೆ ಬೋರಲು ಹಾಕಿದ ಬಕೆಟ್ಟಿನ ಮೇಲೆ ನ್ಯಾಯಾಧೀಶರಂತೆ ಕೂರುತ್ತಾಳೆ. ಎಡ ಮಣಿಕಟ್ಟಿಗೆ ಹಳೆಯದು ಒಂದು ತೊಟ್ಟು, ಬಲಕ್ಕೆ ಹೊಸದು. ಮೂಸುತ್ತಾಳೆ. ಮತ್ತೆ ಮೂಸುತ್ತಾಳೆ.

"ನಮ್ಮ ಸೆಲೆಸ್ತಿನೋ ಮಾವನ ಹಳೇ ಕುದುರೆ ಜೀನಿನ ವಾಸನೆ ಇದೆ. ಕಾದ ಬಂಡೆ ಇದೆ. ಪಾಕ ಇದೆ."

"ಅಂದ್ರೆ ಚೆನ್ನಾಗಿದೆ?"

"ಚೆನ್ನಾಗಿದೆ ಅಂದ್ನಾ? ಬಾಯಿಗೆ ಮಾತು ತುರುಕ್ಬೇಡ. ಇದು ನಮ್ಮ ಇಳಿಜಾರಲ್ಲ ಕಣೇ. ಅಲ್ಲಿ ಜೂನ್ ತಿಂಗಳ ಸುಡು ಬೇಸಿಗೇಲೂ ನನ್ನ ಬಟ್ಟೆ ಒಣಗ್ತಿರ್ಲಿಲ್ಲ. ಇದ್ರಲ್ಲಿ ಬರೀ ಬಿಸಿಲು. ನೆರಳೇ ಇಲ್ಲ."

ಬೆರ್ಸಾಬೆ ಎದ್ದು, ಕಪಾಟಿನ ಮೂಲೆಯಿಂದ ಹಸಿರು ಸೀಸೆಯೊಂದನ್ನು ತೆಗೆಯುತ್ತಾಳೆ. ಮರದ ಬಿಸಿಲು ಕಾಣದ ಮೈಯಿಂದ ಕೆರೆದ ಕಲ್ಲುಹೂವನ್ನು ನೆನೆಹಾಕಿದ ಸತ್ವ ಅದು. ಅತ್ತಿಗೆಯ ಬಲ ಮಣಿಕಟ್ಟು ಒರೆಸಿ, ಬಟ್ಟಲಲ್ಲಿ ಬೆರೆಸಿ ಹಚ್ಚುತ್ತಾಳೆ. ಒಂದು ತೊಟ್ಟಿಗೆ "ಊಹೂಂ." ಇನ್ನೊಂದಕ್ಕೂ "ಊಹೂಂ." ಮೂರನೆಯದಕ್ಕೆ ಹುಬ್ಬು ಗಂಟಿಕ್ಕುತ್ತದೆ. ನಾಲ್ಕನೆಯದಕ್ಕೆ ಕ್ಲೆಯೋಫೆ ಏನೂ ಅನ್ನುವುದಿಲ್ಲ. ಹುಟ್ಟಿದಂದಿನಿಂದ ಮುಚ್ಚದ ಬಾಯಿ ಮುಚ್ಚಿದೆ.

ಕೊನೆಗೆ ಮೆಲ್ಲಗೆ ಹೇಳುತ್ತಾಳೆ: "ಬಾಗಿಲು ಹಾಕೇ. ಆಚೆ ಹೋಗ್ಬಿಡುತ್ತೆ."

ಬೆರ್ಸಾಬೆ ಬಾಗಿಲು ಹಾಕುತ್ತಾಳೆ, ಸೀಸೆಯ ಬಿರಡೆ ಒತ್ತುತ್ತಾಳೆ. ಭರಣಿ ಸಂತೆಗೆ ಹೋಗುತ್ತದೆ.

ಇಲ್ಲಿಗೆ ಬರಹ ಚೆನ್ನಾಗಿಯೇ ಮುಗಿಯುತ್ತಿತ್ತು. ಆದರೆ ಬರೆದದ್ದನ್ನು ಓದಿ ತೋರಿಸದೆ ಆ ಮನೆಯಿಂದ ಹೊರಡುವಂತಿಲ್ಲ. ಮೊದಲ ಸಾಲಿಗೇ ಕ್ಲೆಯೋಫೆ ಬಕೆಟ್ಟಿನಿಂದ ಜಾರುವಷ್ಟು ನಕ್ಕಳು.

"ಮೂಗಂತೆ! ಕೋಳಿಗೂಡಿನ ಕೆಳಗೆ ಸ್ಕಂಕು ಮರಿ ಹಾಕಿ ವಾರ ಆಗಿತ್ತು, ಈ ಮಹಾತಾಯಿಗೆ ಗೊತ್ತೇ ಇಲ್ಲ!"

"ಲೋ ಸುಳ್ಳ, ಹುರುಳಿ ಸೀದಾಗ ಇಲ್ಲೇ ಕೂತಿದ್ದೆ ನೀನು" ಎಂದಳು ಬೆರ್ಸಾಬೆ. "ಆಗ್ಲೇ ಗೊತ್ತಾಯ್ತಲ್ಲ ನಿಂಗೆ? ಇದ್ದಿದ್ದು ಇದ್ದಹಾಗೆ ಬರಿ."

ಸರಿ, ಸಿಕ್ಕಿಬಿದ್ದಾಯಿತು. ನಿಜ ಇಷ್ಟು: ಬೆರ್ಸಾಬೆಗೆ ಯಾವ ವಾಸನೆಯೂ ತಿಳಿಯುವುದಿಲ್ಲ. ಚಾವಣಿಯ ಮೇಲೆ ಕುಡಿದ ಹೊಗೆ ಅವಳ ಮೂಗನ್ನು ಒಯ್ದಿದೆ. ನಿಂಬೆಯೂ ಇಲ್ಲ, ಸೀಮೆಎಣ್ಣೆಯೂ ಇಲ್ಲ, ತನ್ನದೇ ಮೋಂತೆಯೂ ಇಲ್ಲ. ಏಳು ಬೆಟ್ಟಗಳು, ಚಂದ್ರ, ಹಿಮಾಲಯ, ಟೆಕ್ಸಸ್ಸು ಎಲ್ಲವೂ ಸುಳ್ಳು. ಮೂಗು ಕ್ಲೆಯೋಫೆಯದು.

"ಬಾಟಲಿ ಚೀಟಿ ಮೇಲೆ ಇನ್ಮೇಲೆ ಇಬ್ಬರ ಹೆಸ್ರೂ ಹಾಕ್ಬೇಕು. ನಂಗಿರೋದು ಅದೊಂದೇ ಆಸೆ" ಎಂದಳು ಬೆರ್ಸಾಬೆ.

"ನನ್ನದು ಮೇಲಿರ್ಲಿ" ಎಂದಳು ಅತ್ತಿಗೆ.

ನಾಲ್ಕನೇ ತೊಟ್ಟಿಗೆ ಅತ್ತಿಗೆ ಹೌದು ಎನ್ನಲೇ ಇಲ್ಲವಲ್ಲ, ಸೀಸೆಯ ಬಿರಡೆ ಯಾವ ಧೈರ್ಯದ ಮೇಲೆ ಒತ್ತಿದೆ ಎಂದು ಕೇಳಿದರೆ, ಕೈಯ ಕೊಬ್ಬು ಒರೆಸಿಕೊಳ್ಳುತ್ತ ಬೆರ್ಸಾಬೆ ಹೇಳಿದಳು:

"ನೀನು ಸೀಸೆ ನೋಡ್ತಿದ್ದೆ ಕಣೋ. ನಾನು ಅವಳ ಮುಖ ನೋಡ್ತಿದ್ದೆ."