ದೊಡ್ಡವ್ವನ ಮನೆ ಎದುರಿಗೇ ಇತ್ತು

ಮರಾಠಿ ಸೀಮೆಯ ಗಡಿಯೂರು ಕಾಗಲದಲ್ಲಿ ಹೆದ್ದಾರಿಯ ಈ ಕಡೆ ನಮ್ಮ ಮನೆ, ಆ ಕಡೆ ದೊಡ್ಡವ್ವನದು. ಅವಳು ನಮ್ಮ ಅವ್ವನ ಖಾಸಾ ಅಕ್ಕ. ಮೊದಲು ರಸ್ತೆಯ ನಡುವಿನ ಕಟ್ಟೆಯಲ್ಲಿ ದಾಟಲು ಒಂದು ಸಂದು ಇತ್ತು. ಲಾರಿಗಳು ಸಾಗಿಹೋಗುವ ತನಕ ನಿಂತು ದೊಡ್ಡವ್ವ ದಿನಾ ದಾಟಿ ಬರುತ್ತಿದ್ದಳು. ಅವ್ವ ಹಾಸಿಗೆ ಹಿಡಿದ ಮೇಲಂತೂ ಅವಳ ತಲೆ ಬಾಚುವುದು ದೊಡ್ಡವ್ವನೇ.

ರಸ್ತೆ ಅಗಲ ಮಾಡುವಾಗ ಆ ಸಂದು ಮುಚ್ಚಿ ಕಬ್ಬಿಣದ ಬೇಲಿ ಹಾಕಿದರು. ದಾಟಬೇಕಾದರೆ ಊರಾಚೆಯ ಸೇತುವೆಯ ಕೆಳಗೆ ಸುತ್ತಿ ಬರಬೇಕು. ದೊಡ್ಡವ್ವನಿಗೆ ಮೊಣಕಾಲು ನೋವು.

ಹೆದ್ದಾರಿಯವರು ಜನರ ತಕರಾರು ಕೇಳಲು ಸಭೆ ಕರೆದಾಗ, ನಾನು ಇಚಲಕರಂಜಿಯ ಮಗ್ಗದ ಶೆಡ್ಡಿಗೆ ರಜೆ ಹಾಕಿ ಬಂದು ಅವಳನ್ನು ಕರೆದೊಯ್ದೆ.

"ನಮಗೊಂದು ದಾಟು ಹಾದಿ ಕೊಡ್ರಿ ಸಾಹೇಬ್ರ. ಅಲ್ಲೆ ತಂಗಿ ಮಲಗ್ಯಾಳ," ಅಂದಳು.

ಇಂಜಿನಿಯರು ಒಳ್ಳೆಯ ಮನುಷ್ಯ. ಮರಾಠಿಯಲ್ಲಿ ಬಿಡಿಸಿ ಹೇಳಿದ: ನಕ್ಷೆ ದಿಲ್ಲಿಯಲ್ಲಿ ಮಂಜೂರಾಗುತ್ತದೆ, ಪೆಟ್ರೋಲ್ ಡೀಸೆಲ್ ಮೇಲಿನ ತೆರಿಗೆಯಿಂದ, ಟೋಲಿನಿಂದ ದುಡ್ಡು ಬರುತ್ತದೆ, ಹೊಸ ಹಾದಿ ಸೇರಿಸಬೇಕಾದರೆ ಮತ್ತೆ ಅಲ್ಲಿಂದಲೇ ಒಪ್ಪಿಗೆ ಬೇಕು. "ಮೀ ಲಿಹಿತೋ, ಮಾವಶಿ. ದಿಲ್ಲಿಗೆ ನಾ ಬರೀತೇನಿ. ಆದ್ರ ವ್ಯಾಳ್ಯಾ ಹಿಡಿತೈತ್ರಿ."

"ನಮ್ಮ ಕಡೆ ವ್ಯಾಳ್ಯಾನ ಇಲ್ಲಲ್ರಿ," ಅಂದಳು ದೊಡ್ಡವ್ವ.

ಕಬ್ಬಿನ ಹಂಗಾಮಿನಲ್ಲಿ ಒಂದು ಮುಂಜಾನೆ ಅವ್ವನಿಗೆ ಉಸಿರು ಸಿಗದಾಯಿತು. ಅಂದು ಮನೆಯಲ್ಲೇ ಇದ್ದ ನಾನು ದೊಡ್ಡವ್ವನಿಗೆ ಫೋನ್ ಮಾಡಿದೆ. ದೊಡ್ಡವ್ವ ರಿಕ್ಷಾ ಹತ್ತಿದ್ದು ನಮ್ಮ ಬಾಗಿಲಿನಿಂದಲೇ ಕಾಣಿಸಿತು. ಸೇತುವೆಯ ಕೆಳಗೆ ಕಬ್ಬಿನ ಟ್ರ್ಯಾಕ್ಟರುಗಳು ಸಿಕ್ಕಿಕೊಂಡಿದ್ದವು.

"ಅಕ್ಕ ಬಂದಳೇನ?" ಅವ್ವ ಕೇಳಿದಳು.

"ಬರಾಕತ್ತಾಳವ್ವ."

ಮತ್ತೆ ಕೇಳಿದಳು. ನಾನು ಅದನ್ನೇ ಹೇಳಿದೆ. ಆಮೇಲೆ ಕೇಳಲಿಲ್ಲ.

ದೊಡ್ಡವ್ವ ಒಳಗೆ ಬರುವಷ್ಟರಲ್ಲಿ ಅವ್ವನ ಉಸಿರು ನಿಂತಿತ್ತು. ದೊಡ್ಡವ್ವ ಅಳಲಿಲ್ಲ. ಅವ್ವನ ಪಾದ ಹಿಡಿದು ಕೂತಳು. "ಎದುರಿಗೇ ಇದ್ನಲ್ಲ ತಂಗಿ," ಅಂದಳು.

ಆ ಇಂಜಿನಿಯರು ಮಾತು ಉಳಿಸಿಕೊಂಡ. ರಸ್ತೆಯ ಕೆಳಗೆ ನಡೆದು ದಾಟುವ ಹಾದಿ ಮಂಜೂರಾಗಿ, ಕಟ್ಟಿಯೂ ಆಯಿತು. ಅದು ತೆರೆದಾಗ ನಾನೇ ದೊಡ್ಡವ್ವನ ಕೈ ಹಿಡಿದು ಅವಳ ಮನೆಯಿಂದ ನಮ್ಮ ಮನೆಯ ಕಡೆಗೆ ಕರೆದುಕೊಂಡು ಹೊರಟೆ. ಸಾಲಿ ಮಕ್ಕಳು ಕೂಗಾಡುತ್ತ ನಮ್ಮನ್ನು ದಾಟಿ ಓಡಿದರು. "ಚಲೋ ಆತು, ಹುಡುಗ್ರಿಗೆ ಭಾಳ ಅನುಕೂಲ ಆತು," ಅಂದಳು.

ನಡುವೆ ನಿಂತುಬಿಟ್ಟಳು. ತಲೆಯ ಮೇಲೆ ಗಾಡಿಗಳು ಹೋಗುವುದು ಕೇಳಿಸುತ್ತಿತ್ತು. ಗೋಡೆಗೆ ಕೈ ಕೊಟ್ಟು ನನ್ನ ಮುಖ ನೋಡಿದಳು.

"ಸಾಕು. ಹೊಳ್ಳಿ ಹೋಗೂಣು," ಅಂದಳು.

ನಾನು ಒತ್ತಾಯ ಮಾಡಲಿಲ್ಲ.